ಸೋರುವ ದೋಣಿಯ ಗುಟ್ಟು

ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫಕ್ ಸೀಮೆಯಲ್ಲಿ ‘ಬ್ರಾಡ್ಸ್’ ಎಂಬ ಸರೋವರಗಳ ಸಮೂಹವೊಂದಿದೆ. ಜೊಂಡು ಬೆಳೆದ ದಂಡೆಗಳು, ಅಲ್ಲೊಂದು ಇಲ್ಲೊಂದು ನೀರೆತ್ತುವ ಹಳೆಯ ಗಾಳಿಯಂತ್ರ, ಹುಲ್ಲುಗಾವಲಿನ ಮೇಲೆಯೇ ಸಾಗುತ್ತಿರುವಂತೆ ತೋರುವ ಹಾಯಿಗಳು—ಇದು ಅಲ್ಲಿಯ ನೋಟ. ನದಿಗಳೂ ಸರೋವರಗಳೂ ಕೂಡಿ ಸುಮಾರು 200 ಕಿಲೋಮೀಟರ್ ಉದ್ದದ ಜಲಮಾರ್ಗ ಇಲ್ಲಿದೆ.

ಈ ಸರೋವರಗಳು ನಿಸರ್ಗದ ಸೃಷ್ಟಿಯೆಂದೇ ಜನ ಬಹುಕಾಲ ನಂಬಿದ್ದರು. ಆದರೆ ಇವು ಮನುಷ್ಯನೇ ತೋಡಿದ ಹಳ್ಳಗಳೆಂಬುದನ್ನು 1950ರ ದಶಕದಲ್ಲಿ ಸಸ್ಯಶಾಸ್ತ್ರಜ್ಞೆ ಜಾಯ್ಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಸಸ್ಯಗಳು ಕೊಳೆತು ಉಂಟಾದ ‘ಪೀಟ್’ ಎಂಬ ಮಣ್ಣನ್ನು ಮಧ್ಯಯುಗದ ರೈತರು ಉರುವಲಿಗಾಗಿ ಅಗೆದು ತೆಗೆದರು. ಸಮುದ್ರದ ಮಟ್ಟ ಏರಿದಂತೆ ನೀರು ನುಗ್ಗಿ, 14ನೆಯ ಶತಮಾನದ ಹೊತ್ತಿಗೆ ಆ ಗುಂಡಿಗಳು ಮುಳುಗತೊಡಗಿದವು. ತಡೆಯಲಾಗದ ನೀರು ಕಟ್ಟಿಕೊಟ್ಟ ಚೆಲುವು ಇದು. ಇಂಥ ನೀರಿನ ಮೇಲೆ ವಿಹರಿಸುವವನಿಗಾದರೋ ದೋಣಿಯೊಳಗೆ ಜಿನುಗುವ ಒಂದು ಬೊಗಸೆ ನೀರೂ ಚಿಂತೆಯ ವಿಷಯವೇ.

ಕೆಂಪು ಹಾಯಿಯ ‘ಮಿರರ್’ ದೋಣಿಯನ್ನೇ ತೆಗೆದುಕೊಳ್ಳೋಣ. ದೋಣಿಶಿಲ್ಪಿ ಜ್ಯಾಕ್ ಹೋಲ್ಟ್, ಟೆಲಿವಿಷನ್ನಿನಲ್ಲಿ ಮನೆ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಇಬ್ಬರೂ ಸೇರಿ 1962ರಲ್ಲಿ ಇದನ್ನು ರೂಪಿಸಿದರು. ‘ಡೇಲಿ ಮಿರರ್’ ಪತ್ರಿಕೆ ಇದಕ್ಕೆ ಬೆಂಬಲವಾಗಿ ನಿಂತಿತು. ಉದ್ದ ಸುಮಾರು 3.3 ಮೀಟರ್. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಗಾಜಿನ ನಾರಿನ ಪಟ್ಟಿಯನ್ನೂ ಅಂಟುರಾಳವನ್ನೂ ಹಚ್ಚಿದರೆ ದೋಣಿ ಸಿದ್ಧ. ಬಡಗಿಯಲ್ಲದವನೂ ಮನೆಯಲ್ಲೇ ಕಟ್ಟಬಹುದಾದುದರಿಂದ ಇಂಥವು 70,000ಕ್ಕೂ ಹೆಚ್ಚು ಸಿದ್ಧವಾದವು.

ಈ ದೋಣಿಯ ಮುಂದೆ, ಹಿಂದೆ, ಎರಡು ಪಕ್ಕಗಳಲ್ಲಿ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿವೆ. ದೋಣಿ ಮಗುಚಿದರೂ ಮುಳುಗದಂತೆ ಎತ್ತಿಹಿಡಿಯುವುದು ಇವೇ. ಚಳಿನೀರಿಗೆ ಬಿದ್ದ ಮಕ್ಕಳಿಗೆ ಹಿಡಿದುಕೊಳ್ಳಲು ಆಸರೆ ಆ ದೋಣಿಯೊಂದೇ. ಕಾಲಡಿಯಲ್ಲಿ ನಿಂತ ನೀರು ಕಣ್ಣಿಗೆ ಕಾಣುತ್ತದೆ, ಮೊಗೆದು ಚೆಲ್ಲಬಹುದು. ಗಾಳಿಕೋಣೆಯೊಳಗೆ ಸದ್ದಿಲ್ಲದೆ ಸೇರಿದ ನೀರು ಮಾತ್ರ ದೋಣಿ ಮಗುಚಿದ ಗಳಿಗೆಯಲ್ಲೇ ದ್ರೋಹ ಬಗೆಯುತ್ತದೆ. ಸೋರಿಕೆ ಹುಡುಕುವ ಕೆಲಸವನ್ನು ಲಘುವಾಗಿ ಎಣಿಸಬಾರದೆಂಬುದು ಇದಕ್ಕೇ.

ಹುಡುಕುವುದು ಹೇಗೆ? ಮಳೆಗಾಲದಲ್ಲಿ ನಮ್ಮ ಮಾಳಿಗೆ ಸೋರುವುದು ಒಂದು ಕಡೆ, ಹನಿ ಬೀಳುವುದು ಇನ್ನೊಂದು ಕಡೆ. ದೋಣಿಯದೂ ಇದೇ ಬಗೆ. ಒಳಗೆ ಒದ್ದೆಯಾದಲ್ಲೇ ತೂತಿದೆಯೆಂದು ತಿಳಿಯುವಂತಿಲ್ಲ. ಆದ್ದರಿಂದ ಬಲ್ಲವರು ಕ್ರಮವನ್ನು ತಿರುವುಮುರುವು ಮಾಡುತ್ತಾರೆ. ದೋಣಿಯನ್ನು ದಡಕ್ಕೆ ತಂದು, ಮೆತ್ತನೆಯ ಆಸರೆಗಳ ಮೇಲಿರಿಸಿ, ಹೊರಮೈಯನ್ನು ಚೆನ್ನಾಗಿ ಒರೆಸಿ, ಒಳಗೆ ನಾಲ್ಕೈದು ಕೊಡ ನೀರು ಸುರಿಯುತ್ತಾರೆ. ಹೆಚ್ಚು ಸುರಿದರೆ ಭಾರಕ್ಕೆ ಸಂದುಗಳೇ ಬಿಡಬಹುದು. ಹೊರಗೆ ಹನಿ ಒಡೆದಲ್ಲಿ ಪೆನ್ಸಿಲಿನಿಂದ ಗುರುತು ಮಾಡುತ್ತಾರೆ. ನಡುವಿನ ಸೀಳಿನ ಮೂಲಕ ನೀರಿಗೆ ಇಳಿಸುವ ಹಲಗೆಯ ಗೂಡು, ತಳದ ತಿರುಪುಮೊಳೆಗಳು, ದಡಕ್ಕೆ ಉಜ್ಜಿ ಸವೆದ ಅಂಚುಗಳು—ಇವು ಮೊದಲು ನೋಡಬೇಕಾದ ಎಡೆಗಳು. ಗಾಳಿಕೋಣೆಗೆ ಬೇರೆ ಪರೀಕ್ಷೆ: ಸಂದುಗಳಿಗೆ ಸಾಬೂನಿನ ನೀರು ಬಳಿದು, ಬಿರಡೆಯ ರಂಧ್ರದಿಂದ ಮೆಲ್ಲಗೆ ಗಾಳಿ ಊದುವುದು. ನಮ್ಮ ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಪಂಕ್ಚರ್ ಕಂಡುಹಿಡಿಯುವಂತೆ, ಇಲ್ಲಿಯೂ ಗುಳ್ಳೆಯೇ ಸಾಕ್ಷಿ.

ದುರಸ್ತಿಯಲ್ಲಿ ಅವಸರ ಸಲ್ಲದು. ಹಲಗೆ ಜೋಡಿಸಿ ಕಟ್ಟಿದ ಹಳೆಯ ದೋಣಿ ನೀರಿಗಿಳಿದಾಗ ಮರ ಉಬ್ಬಿ ಸಂದು ತಾನೇ ಬಿಗಿಯಾಗುವುದುಂಟು. ಪ್ಲೈವುಡ್ಡಿಗೆ ಆ ಭಾಗ್ಯವಿಲ್ಲ. ನೀರು ಹೊಕ್ಕರೆ ಅದರ ಪದರಗಳು ಬಿಟ್ಟುಕೊಳ್ಳುತ್ತವೆ. ಬಣ್ಣವನ್ನೂ ಸಡಿಲಾದ ಪಟ್ಟಿಯನ್ನೂ ಕೆರೆದು, ಕಪ್ಪಾಗಿ ಮೆತ್ತಗಾದ ಮರವನ್ನು ಕತ್ತರಿಸಿ ತೆಗೆದು, ಉಳಿದುದು ಪೂರ್ತಿ ಒಣಗುವ ತನಕ ಕಾಯಬೇಕು. ಒದ್ದೆ ಮರದ ಮೇಲೆ ಯಾವ ಅಂಟೂ ನಿಲ್ಲದು. ಆಮೇಲೆ ಹೊಸ ತುಂಡು ಕೂಡಿಸಿ, ಎಪಾಕ್ಸಿ ಅಂಟಿನಲ್ಲಿ ನೆನೆಸಿದ ಗಾಜಿನ ನಾರಿನ ಪಟ್ಟಿಯನ್ನು ಗುಳ್ಳೆ ಉಳಿಯದಂತೆ ಒತ್ತಬೇಕು. ಚಳಿಯಲ್ಲಿ ಈ ಅಂಟು ಬೇಗ ಗಟ್ಟಿಯಾಗದು. ಬಿಸಿಲಿಗೆ ಕೆಡುವುದರಿಂದ ಮೇಲೆ ಬಣ್ಣ ಬೇಕೇ ಬೇಕು.

ಬಣ್ಣ ಒಣಗಿದರೆ ಕೆಲಸ ಮುಗಿಯಿತೆಂದಲ್ಲ. ದೋಣಿಯನ್ನು ದಡದ ಬಳಿ ಆಳವಿಲ್ಲದ ನೀರಿನಲ್ಲಿ ಕೆಲವು ಗಂಟೆ ಕಟ್ಟಿಹಾಕಿ, ಬಳಿಕ ಒಂದೊಂದೇ ಗಾಳಿಕೋಣೆಯ ಬಿರಡೆ ತೆಗೆದು ಒಳಗೆ ಒಣಬಟ್ಟೆ ಆಡಿಸಿ ನೋಡಬೇಕು. ಬಟ್ಟೆ ಒಣಗಿಯೇ ಹೊರಬಂದರೆ ಮಕ್ಕಳನ್ನು ಕೂರಿಸಬಹುದು.