ಲಿಂಕ್ ಆಯ್ತು, ಕೆಂಪು ದೀಪ ಹತ್ತಿತು

ನಾವು ಓದಿದ್ದು ಪತ್ರಿಕೋದ್ಯಮ ಡಿಪ್ಲೊಮಾ. ಸಿ ಭಾಷೆ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ಇಂಗ್ಲಿಷಿನ ಮೂರನೇ ಅಕ್ಷರ ಅಂತಿದ್ವಿ. ಹಾಗಿದ್ದೂ ಹೊರಗಿನ ಸಿ ಫೈಲೊಂದನ್ನು ಹೊಲದ ಸೆನ್ಸಾರ್ ಒಳಗೆ ಸೇರಿಸಿದ ಕತೆ ಬರೀತಾ ಇದ್ದೀವಿ. ಅದಕ್ಕೆ ಕಾರಣ ಒಂದು ರಾತ್ರಿಯ ಬೋರಿನ ನೀರು. ಆ ನೀರು ನಮ್ಮ ಅಪ್ಪನ ಸರದಿಯದು.

2013ರ ಮುಂಗಾರು. ಪಾವಗಡ ತಾಲ್ಲೂಕಿನ ನಮ್ಮೂರಲ್ಲಿ ಕಡಲೇಕಾಯಿ ಹೂ ಬಿಟ್ಟು ಕಾಯಿ ಕಟ್ಟೋ ಹೊತ್ತು. ಮಳೆ ಒಂದು ಸಲ ಬಂದು ಆಮೇಲೆ ಮುಖ ತೋರಿಸಿರಲಿಲ್ಲ. ಅಪ್ಪನಿಗೂ ಚಿಕ್ಕಪ್ಪನಿಗೂ ಸೇರಿ ಒಂದೇ ಬೋರು, ಒಂದೂವರೆ ಇಂಚು ನೀರು. ಒಂದು ರಾತ್ರಿ ಚಿಕ್ಕಪ್ಪನ ಕಡಲೇಕಾಯಿಗೆ, ಇನ್ನೊಂದು ರಾತ್ರಿ ಅಪ್ಪನ ಟೊಮೊಟೊಗೆ. ಈ ಸರದಿ ಅಜ್ಜ ಇದ್ದಾಗಲೇ ಆಗಿದ್ದ ಮಾತು, ಯಾರೂ ಮುರಿದಿರಲಿಲ್ಲ.

ಚಿಕ್ಕಪ್ಪನ ಮಗ ಆಗ ಇಂಜಿನಿಯರಿಂಗ್ ಕೊನೇ ವರ್ಷ. ಪ್ರಾಜೆಕ್ಟಿಗೆ ಅಂತ ಕಾಲೇಜಿನಿಂದ ಎರಡು ಮೋಟ್ ತಂದಿದ್ದ. ಮೋಟ್ ಅಂದ್ರೆ ಪುಟಾಣಿ ಕಂಪ್ಯೂಟರು, ಅದರಲ್ಲೇ ರೇಡಿಯೊ ಇರುತ್ತೆ. ಎರಡು ಪೆನ್ಸಿಲ್ ಸೆಲ್ ಹಾಕಿ ಮಣ್ಣಿನ ತೇವ ಅಳೆಯೋ ಕಡ್ಡಿ ಸಿಕ್ಕಿಸಿ ಹೊಲದಲ್ಲಿ ನೆಟ್ಟರೆ, ಇನ್ನೊಂದು ಮೋಟ್ ಚುಚ್ಚಿದ ಲ್ಯಾಪ್‌ಟಾಪಿಗೆ ಅದು ಅಂಕಿ ಕಳಿಸುತ್ತೆ. ಅವನು ತಂದಿದ್ದು ಟೆಲೋಸ್‌ಬಿ ಅನ್ನೋ ಜಾತಿಯದು. ಅದರ ನೆನಪಿನ ಶಕ್ತಿ ಬರೀ 10 ಕೆ.ಬಿ. ನಿಮ್ಮ ವಾಟ್ಸಾಪಿಗೆ ಬೆಳಗ್ಗೆ ಬರೋ ಗುಡ್ ಮಾರ್ನಿಂಗ್ ಫೋಟೊ ಕೂಡ ಅದರಲ್ಲಿ ಹಿಡಿಸಲ್ಲ.

ಪಾವಗಡದವರಿಗೆ ಇದು ತೀರಾ ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸಂಸ್ಥೆಯವರೂ ಸೇರಿ 2004ರ ಸುಮಾರಿಗೆ ನಮ್ಮ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಕಾಮನ್-ಸೆನ್ಸ್ ನೆಟ್ ಅನ್ನೋ ಕೆಲಸ ಶುರು ಮಾಡಿದ್ದರು. ಮಳೆ ನಂಬಿದ ಬಡ ರೈತರಿಗೆ ಇಂಥ ಸೆನ್ಸಾರ್ ಜಾಲದಿಂದ ಏನು ಉಪಯೋಗ ಅಂತ ನೋಡೋದು ಅವರ ಉದ್ದೇಶ. ನಮ್ಮ ತಮ್ಮ ಆ ವರದಿ ಓದಿಯೇ ಈ ಪ್ರಾಜೆಕ್ಟ್ ಹಿಡಿದಿದ್ದು. ನಮಗೋ ಸ್ಟ್ರಿಂಗರ್ ಆಗಿ ಮೊದಲ ವರ್ಷ. ‘ಹಳ್ಳಿ ಹುಡುಗನ ಹೊಲದ ಯಂತ್ರ’ ಅಂತ ತಲೆಬರಹ ಆಗಲೇ ಮನಸ್ಸಲ್ಲಿ ಕೂತಿತ್ತು. ಫೋಟೊನೂ ತೆಗೆದಾಗಿತ್ತು. ಬೇಕಾಗಿದ್ದು ಒಂದು ಅಂಕಿ.

ಆ ಅಂಕಿ ಸುಲಭಕ್ಕೆ ಬರಲಿಲ್ಲ.

ಈ ಮೋಟ್ ಒಳಗೆ ಓಡೋದು ಟೈನಿಓಎಸ್, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದಕ್ಕೆ ಬರೆಯೋ ಭಾಷೆ ನೆಸ್‌ಸಿ, ಸಿ ಭಾಷೆಯ ತಮ್ಮ ಇದ್ದ ಹಾಗೆ. ಅದರಲ್ಲಿ ಪ್ರೋಗ್ರಾಮನ್ನ ತುಂಡು ತುಂಡಾಗಿ ಬರೀತಾರೆ, ಆಮೇಲೆ ಯಾವ ತುಂಡು ಯಾವುದಕ್ಕೆ ಕೆಲಸ ಕೊಡುತ್ತೆ, ಯಾವುದರಿಂದ ತಗೊಳ್ಳುತ್ತೆ ಅಂತ ವೈರಿಂಗ್ ಮಾಡ್ತಾರೆ. ನಮ್ಮ ಕಡೆ ಮುಯ್ಯಾಳು ಇದೆಯಲ್ಲ, ಹಾಗೆ. ಯಾರ ಮನೆಯಿಂದ ಯಾರ ಹೊಲಕ್ಕೆ ಎಷ್ಟು ಆಳು ಅಂತ ಮೊದಲೇ ಮಾತಾಗಿರುತ್ತೆ. ಕಂಪೈಲರ್ ಈ ಎಲ್ಲಾ ತುಂಡನ್ನೂ ಒಟ್ಟಿಗೆ ನೋಡಿ ಒಂದೇ ದೊಡ್ಡ ಸಿ ಫೈಲ್ ಮಾಡುತ್ತೆ. ಯಾರೂ ಕರೆಯದ ಫಂಕ್ಷನ್ ಇದ್ರೆ ಜಾಗ ದಂಡ ಅಂತ ಕಿತ್ತು ಹಾಕುತ್ತೆ. ಇಬ್ಬರು ಒಂದೇ ಹೊತ್ತಿಗೆ ಒಂದೇ ಲೆಕ್ಕದ ಪುಸ್ತಕಕ್ಕೆ ಕೈ ಹಾಕೋ ಅಪಾಯ ಕಂಡ್ರೆ ಎಚ್ಚರಿಸುತ್ತೆ. 10 ಕೆ.ಬಿ.ಯಲ್ಲಿ ಸಂಸಾರ ನಡೆಸೋದು ಅಂದ್ರೆ ಇಷ್ಟು ಬಿಗಿ ಬೇಕು.

ಆದರೆ ಮಣ್ಣಿನ ಕಡ್ಡಿ ಕೊಡೋ ಅಂಕಿಯನ್ನ ಶೇಕಡಾವಾರು ಮಾಡೋ ಲೆಕ್ಕ ನಮ್ಮ ತಮ್ಮ ಬರೆದದ್ದಲ್ಲ. ಕಾಲೇಜಿನ ಸೀನಿಯರ್ ಒಬ್ಬರು ಹಿಂದೆ ಮಾಮೂಲಿ ಸಿ ಭಾಷೆಯಲ್ಲಿ ಬರೆದು ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡಿ ಇಟ್ಟಿದ್ದ ಫೈಲು. ‘ಚೆನ್ನಾಗಿ ಓಡ್ತಿದೆ, ತಗೊಂಡ್ ಹೋಗು’ ಅಂದಿದ್ದರಂತೆ. ಇದು ಮುಯ್ಯಾಳಲ್ಲ, ಹೊರಗಿನ ಕೂಲಿ.

ಸಂಜೆ ಆರಕ್ಕೆ ಕೂತ. ನಾವು ಪಕ್ಕದಲ್ಲಿ ಕಡಲೇಕಾಯಿ ಸುಲಿಯುತ್ತಾ.

ಮೊದಲನೇ ಸಲ ‘ಅನ್‌ಡಿಫೈನ್ಡ್ ರೆಫರೆನ್ಸ್’ ಅಂತ ಬಂತು. ಏನೋ ಅದು ಅಂದ್ವಿ. ಹೆಡರ್ ಫೈಲ್ ಮಾತ್ರ ಸೇರಿಸಿದ್ದನಂತೆ. ಹೆಡರ್ ಅಂದ್ರೆ ಕುರುಕ್ಷೇತ್ರ ನಾಟಕದ ಪಾಂಪ್ಲೆಟ್ ಇದ್ದ ಹಾಗೆ. ಭೀಮನ ಪಾತ್ರಧಾರಿ ಹೆಸರು ಅಚ್ಚಾಗಿದೆ, ರಂಗದ ಮೇಲೆ ಭೀಮ ಬಂದಿಲ್ಲ. ಲಿಂಕರ್ ಅನ್ನೋದು ಕೊನೇಲಿ ಎಲ್ಲಾ ತುಂಡು ಹೊಲಿಯೋ ದರ್ಜಿ. ಅದು ಭೀಮ ಎಲ್ಲಿ ಅಂತ ಕೇಳ್ತಾ ಇತ್ತು.

ಸರಿ ಅಂತ ಆ ಸಿ ಫೈಲನ್ನ ಲ್ಯಾಪ್‌ಟಾಪಿನ ಕಂಪೈಲರ್‌ನಲ್ಲೇ ಕಂಪೈಲ್ ಮಾಡಿ ಕೊಟ್ಟ. ಲಿಂಕರ್ ಮುಟ್ಟಲೇ ಇಲ್ಲ. ಲ್ಯಾಪ್‌ಟಾಪಿನ ಪ್ರೊಸೆಸರಿಗೆ ತಯಾರಾದದ್ದು ಮೋಟ್‌ನ ಎಂಎಸ್‌ಪಿ430 ಚಿಪ್‌ಗೆ ಅರ್ಥವೇ ಆಗಲ್ಲ. ಆ ಚಿಪ್‌ನ ಕಂಪೈಲರಿಗೇ ಈ ಫೈಲನ್ನೂ ಕೊಡಬೇಕು, ಮೇಕ್‌ಫೈಲ್‌ನಲ್ಲಿ ಅದರ ಹೆಸರು ಬರೀಬೇಕು. ಅಷ್ಟು ಮಾಡೋ ಹೊತ್ತಿಗೆ ಚಿಕ್ಕಮ್ಮ ಎರಡು ಸಲ ಊಟಕ್ಕೆ ಕರೆದಾಗಿತ್ತು.

ಮೂರನೇ ತೊಡಕೇ ನಮಗೆ ಇಷ್ಟವಾದದ್ದು. ತೇವ ಹತ್ತಕ್ಕಿಂತ ಕಡಿಮೆ ಆದ್ರೆ ಮೋಟ್ ಮೇಲಿನ ಕೆಂಪು ದೀಪ ಹತ್ತಬೇಕು. ಹತ್ತಿಸೋ ಫಂಕ್ಷನ್ ಇರೋದು ನೆಸ್‌ಸಿ ಕಡೆ, ಕರೆಯೋದು ಹೊರಗಿನ ಸಿ ಫೈಲು. ಲಿಂಕರ್ ಪುನಃ ‘ಅಂಥವರು ಯಾರೂ ಇಲ್ಲ’ ಅಂತು. ಇದಾರಲ್ಲ, ಕಣ್ಣೆದುರಿಗೇ ಬರೆದಿದಾನಲ್ಲ! ಆಮೇಲೆ ಗೊತ್ತಾಯ್ತು. ನೆಸ್‌ಸಿ ಪ್ರತಿ ಫಂಕ್ಷನ್ ಹೆಸರಿನ ಹಿಂದೆ ಅದರ ತುಂಡಿನ ಹೆಸರು ಸೇರಿಸಿಬಿಡುತ್ತೆ. ನಮ್ಮೂರಲ್ಲಿ ಎಂಟು ಜನ ಮಂಜುನಾಥ ಇದ್ದಾರೆ, ಗೌಡ್ರ ಮಂಜ, ತೋಟದ ಮಂಜ ಅಂತಲೇ ಕರೀತೀವಿ. ಹೊರಗಿನಿಂದ ಬಂದವನು ಬರೀ ‘ಮಂಜ’ ಅಂತ ಕೂಗಿದ್ರೆ ಯಾರು ಬರ್ತಾರೆ? ಸಾಲದ್ದಕ್ಕೆ ಒಳಗಿನವರು ಯಾರೂ ಕರೆಯದ ಮಂಜ ಅಂತ ಅವನನ್ನ ಊರಿಂದಲೇ ಕಿತ್ತು ಹಾಕಿರುತ್ತೆ. ಅದಕ್ಕೆ ಆ ಫಂಕ್ಷನ್ ಮುಂದೆ ಎರಡು ಗುರುತು ಹಾಕಬೇಕು. ‘ಸಿ’ ಅನ್ನೋದು ಹೆಸರು ಬದಲಾಯಿಸಬೇಡ ಅಂತ, ‘ಸ್ಪಾಂಟೇನಿಯಸ್’ ಅನ್ನೋದು ಇವನನ್ನ ಹೊರಗಿನವರು ಕರೀಬಹುದು, ಕಿತ್ತು ಹಾಕಬೇಡ ಅಂತ.

ರಾತ್ರಿ ಹನ್ನೊಂದೂವರೆಗೆ ಲಿಂಕ್ ಆಯ್ತು. ಒಂದೂ ತಪ್ಪಿಲ್ಲ. ‘ಅಣ್ಣಾ!’ ಅಂತ ಅವನು ಕೂಗಿದ್ದಕ್ಕೆ ಕೊಟ್ಟಿಗೇಲಿ ಹಸು ಎದ್ದು ನಿಂತಿತು.

ಮಾರನೇ ದಿನ ಇಳಿಹೊತ್ತಿಗೆ ಕಡ್ಡಿ ನೆಟ್ಟ. ಲ್ಯಾಪ್‌ಟಾಪಿನಲ್ಲಿ ಅಂಕಿ ಬಂತು: ತೇವ 5. ಹೊಲದಲ್ಲಿ ಕೆಂಪು ದೀಪ ಹತ್ತಿತು. ನಮ್ಮ ಸಂತೋಷ ಕೇಳಬೇಡಿ, ಮಂಜನನ್ನ ಕರೆದು ತರೋಕೆ ಅಷ್ಟು ಕಷ್ಟಪಟ್ಟಿದ್ವಲ್ಲ.

ಚಿಕ್ಕಪ್ಪ ಮಾತ್ರ ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಅಂಗೈಯಲ್ಲಿ ಒತ್ತಿದ್ರು. ‘ಉಂಡೆ ಕಟ್ತೈತಲ್ಲೋ. ಇನ್ನೂ ಒಂದೆರಡು ದಿನ ತಡೀತೈತೆ.’

‘ಮೇಲೆ ಹಂಗೆ ಕಾಣ್ತದೆ ಚಿಕ್ಕಪ್ಪ, ಕಡ್ಡಿ ಕೆಳಗಿನದ್ದು ಹೇಳ್ತದೆ. ಯಂತ್ರ ಸುಳ್ಳು ಹೇಳಲ್ಲ’ ಅಂದವರು ನಾವು. ಅವರ ಮಗನಲ್ಲ, ನಾವು. ಆ ರಾತ್ರಿ ಅಪ್ಪನ ಸರದಿ. ಅಪ್ಪನ ಹತ್ರ ಹೋಗಿ ಕಡಲೇಕಾಯಿ ಕಾಯಿ ಕಟ್ಟೋ ಹೊತ್ತು, ಶೇಕಡಾ ಐದು ಅಂದ್ರೆ ಗಿಡ ಹೋದಂಗೇ ಅಂತ ಪತ್ರಿಕೆಯವರ ಗತ್ತಿನಲ್ಲಿ ವಾದ ಮಾಡಿದ್ವಿ. ಅಪ್ಪ ಟೊಮೊಟೊ ಸಾಲಿನ ಕಡೆ ಒಂದು ಸಲ ನೋಡಿದ್ರು. ‘ಆಯ್ತು, ಅವನೇ ಬಿಟ್ಕೊಳ್ಲಿ’ ಅಂದ್ರು. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಚಿಕ್ಕಪ್ಪನ ಕಡೆ ವಾಲ್ವ್ ತಿರುಗಿಸಿದ್ವಿ. ಬಂದು ಸುದ್ದಿ ಬರೆದು, ಅಂಕಿ ಸಮೇತ, ಮೇಲ್ ಮಾಡಿ ಮಲಗಿದ್ವಿ.

ಬೆಳಗ್ಗೆ ಹೊಲದಲ್ಲಿ ಕಾಲಿಟ್ಟರೆ ಹಿಮ್ಮಡಿ ಹೂತುಕೊಳ್ಳುತ್ತೆ. ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ತೇವ ಮೈನಸ್ 2.

ರಾತ್ರಿಯೆಲ್ಲಾ ನೀರು ಕುಡಿದ ಹೊಲ ಐದರಿಂದ ಸೊನ್ನೆಗಿಂತ ಕೆಳಗೆ ಇಳಿದಿದೆ! ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ವಾಸಿ ಇತ್ತು.

ತಮ್ಮ ಮಧ್ಯಾಹ್ನದವರೆಗೂ ಹುಡುಕಿದ. ವೈರ್ ಸರಿ, ಕಡ್ಡಿ ಸರಿ, ರೇಡಿಯೊ ಸರಿ. ಕೊನೆಗೆ ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದ. ಇದನ್ನ ನಿಧಾನಕ್ಕೆ ಓದಿ, ಕಷ್ಟ ಏನಿಲ್ಲ.

ಕಡ್ಡಿ ಕೊಡೋ ಅಂಕಿ ಸೊನ್ನೆಯಿಂದ 4095ರವರೆಗೆ. ಅದನ್ನ ನೂರರಿಂದ ಗುಣಿಸಿ 4096ರಿಂದ ಭಾಗಿಸಿದ್ರೆ ಶೇಕಡಾವಾರು ಸಿಗಬೇಕು. ಸಂಜೆ ಕಡ್ಡಿ ಕೊಟ್ಟಿದ್ದು 900. ನೂರರಿಂದ ಗುಣಿಸಿದ್ರೆ 90,000. ಭಾಗಿಸಿದ್ರೆ 21. ಲ್ಯಾಪ್‌ಟಾಪಿನಲ್ಲಿ ಅದೇ ಬರುತ್ತೆ. ಸೀನಿಯರ್ ಅಲ್ಲೇ ಪರೀಕ್ಷೆ ಮಾಡಿದ್ದು. ಅವರು ಫೈಲಿನಲ್ಲಿ ಅಂಕಿ ಇಡೋ ಜಾಗಕ್ಕೆ ಸುಮ್ಮನೆ ‘ಇಂಟ್’ ಅಂತ ಬರೆದಿದ್ದರು. ಲ್ಯಾಪ್‌ಟಾಪಿನಲ್ಲಿ ಇಂಟ್ ಅಂದ್ರೆ 32 ಬಿಟ್ ಅಗಲ, ಇನ್ನೂರು ಕೋಟಿವರೆಗೂ ಹಿಡಿಸುತ್ತೆ. ಎಂಎಸ್‌ಪಿ430ರಲ್ಲಿ ಇಂಟ್ ಅಂದ್ರೆ 16 ಬಿಟ್, 32,767ಕ್ಕೆ ಮುಗೀತು. ಅದಕ್ಕಿಂತ ದೊಡ್ಡದು ಬಂದ್ರೆ ಹಳೇ ಬೈಕಿನ ಕಿಲೋಮೀಟರ್ ಮೀಟರ್ ಥರ ಸುತ್ತು ಹೊಡೆಯುತ್ತೆ. ಒಂದು ಸುತ್ತು ಅಂದ್ರೆ 65,536. 90,000ದಲ್ಲಿ ಅಷ್ಟು ಕಳೆದ್ರೆ 24,464. ಅದನ್ನ 4096ರಿಂದ ಭಾಗಿಸಿದ್ರೆ 5. ನಮ್ಮ ಐದು ಹುಟ್ಟಿದ್ದು ಹಿಂಗೆ. ಬೆಳಗ್ಗೆ ಕಡ್ಡಿ ಕೊಟ್ಟಿದ್ದು 1200. ನಿಜವಾದ ಉತ್ತರ 29, ಸುತ್ತು ಹೊಡೆದು ಬಂದದ್ದು ಮೈನಸ್ 2.

ಮೈನಸ್ ಬಂದಾಗ ಯಾರಾದ್ರೂ ಕಣ್ಣುಜ್ಜಿಕೊಂಡು ನೋಡ್ತಾರೆ. ಐದನ್ನ ಯಾರು ಅನುಮಾನಿಸ್ತಾರೆ, ಅದೂ ಮಳೆ ಇಲ್ಲದ ಪಾವಗಡದಲ್ಲಿ?

ಟೈನಿಓಎಸ್‌ನವರು ತಮ್ಮ ಪ್ರೋಗ್ರಾಮುಗಳಲ್ಲಿ ಸುಮ್ಮನೆ ಇಂಟ್ ಅಂತ ಬರೆಯೋದು ಕಮ್ಮಿಯಂತೆ. ಇಂಟ್16, ಇಂಟ್32 ಅಂತ ಅಗಲವನ್ನೂ ಹೆಸರಲ್ಲೇ ಹೇಳ್ತಾರೆ. ಹೊರಗಿನ ಫೈಲಿಗೆ ಆ ಅಭ್ಯಾಸ ಇರಲಿಲ್ಲ. ಲಿಂಕರ್ ನೋಡೋದು ಹೆಸರು ಸಿಕ್ತಾ, ಚಿಪ್ ಜಾತಿ ಹೊಂದಿತಾ ಅಂತ ಅಷ್ಟೇ. ಒಳಗಿನ ಲೆಕ್ಕ ಅದರ ಕೆಲಸವಲ್ಲ. ಹಾಗಂತ ಆ ಪುಟ್ಟ ಫೈಲನ್ನ ನೆಸ್‌ಸಿ ಒಳಗೇ ಪೂರ್ತಿ ಸೇರಿಸಿದ್ದರೂ ಇಂಟ್‌ನ ಅಗಲ ಬದಲಾಗ್ತಿರಲಿಲ್ಲ.

ಸರಿ ಮಾಡೋವಾಗಲೂ ಒಂದು ಸಲ ಎಡವಿದ. ಉತ್ತರ ಇಡೋ ಜಾಗವನ್ನ ಮಾತ್ರ 32 ಬಿಟ್ ಮಾಡಿದ. ಮತ್ತೆ ಮೈನಸ್ 2. ಗುಣಾಕಾರ ಆಗಲೇ ಸಣ್ಣ ಜಾಗದಲ್ಲಿ ಆಗಿಹೋಗಿರುತ್ತೆ. ಚೆಲ್ಲಿದ ಮೇಲೆ ದೊಡ್ಡ ಬಿಂದಿಗೆ ಹಿಡಿದ್ರೆ ಏನು ಬಂತು? ಗುಣಿಸೋಕೆ ಮುಂಚೆಯೇ ಕಡ್ಡಿಯ ಅಂಕಿಯನ್ನ ಅಗಲ ಮಾಡಬೇಕು. ಹಾಗೆ ಮಾಡಿದ ಮೇಲೆ 29 ಬಂತು, ಕೆಂಪು ದೀಪ ಆರಿತು. ಅವತ್ತಿನಿಂದ ಅವನು ಹೊರಗಿನ ಯಾವ ಸಿ ಫೈಲ್ ತಂದರೂ ಲ್ಯಾಪ್‌ಟಾಪಿನಲ್ಲಿ ಸರಿ ಬಂತು ಅಂತ ಬಿಡಲ್ಲ. ಮೋಟ್ ಮೇಲೇ ಸೊನ್ನೆ, 4095, ಮಧ್ಯದ ಒಂದೆರಡು ಅಂಕಿ ಕೊಟ್ಟು ಉತ್ತರ ನೋಡ್ತಾನೆ.

ನಾವು ಡೆಸ್ಕಿಗೆ ಫೋನ್ ಮಾಡಿ ಸುದ್ದಿ ಹಾಕಬೇಡಿ ಅಂದ್ವಿ. ‘ಏನ್ರೀ, ನಿನ್ನೆ ಹತ್ತು ಸಲ ಫೋನ್ ಮಾಡಿ ಹಾಕಿ ಹಾಕಿ ಅಂತಿದ್ರಿ’ ಅಂತ ಉಗಿಸಿಕೊಂಡ್ವಿ. ಅದರ ಹಿಂದಿನ ತಿಂಗಳಷ್ಟೇ ಒಂದು ಕಚೇರಿಯ ಪ್ರಕಟಣೆಯ ಹೆಕ್ಟೇರ್ ಅಂಕಿಯನ್ನ ಎಕರೆ ಅಂತ ಹಾಕಿ ಬೆಳೆ ನಷ್ಟದ ಸುದ್ದಿ ಕಳಿಸಿದ್ವಿ. ಅದು ಅಚ್ಚೂ ಆಗಿತ್ತು, ಯಾರೂ ಕೇಳಿರಲಿಲ್ಲ. ಡೆಸ್ಕಿನವರ ಬೈಗುಳ ಕೇಳ್ತಾ ನೆನಪಾಗಿದ್ದು ಅದು.

ಕರೆಂಟು ಕೈ ಕೊಟ್ಟು ಮುಂದಿನ ಎರಡು ರಾತ್ರಿ ಮೋಟರ್ ಓಡಲೇ ಇಲ್ಲ. ಮೂರನೇ ದಿನ ಟೊಮೊಟೊದ ಎರಡು ಸಾಲು ತಲೆ ಬಗ್ಗಿಸಿತ್ತು, ಮತ್ತೆ ಏಳಲಿಲ್ಲ. ಚಿಕ್ಕಪ್ಪ ತಮ್ಮ ಸರದಿಯ ಎರಡು ರಾತ್ರಿ ಅಪ್ಪನಿಗೆ ಬಿಟ್ಟುಕೊಟ್ಟರು. ಅಪ್ಪ ಬೇಡ ಅಂದರು, ಚಿಕ್ಕಪ್ಪ ಕೇಳಲಿಲ್ಲ, ತಾವೇ ಹೋಗಿ ವಾಲ್ವ್ ತಿರುಗಿಸಿ ಬಂದರು. ಆ ಎರಡು ರಾತ್ರಿ ನೀರು ಕಟ್ಟಿದ್ದು ನಾವು. ಅಪ್ಪ ಬದುವಿನ ಮೇಲೆ ಬ್ಯಾಟರಿ ಹಿಡಿದು ನಿಂತಿದ್ದರು. ಪ್ರತಿ ಸಾಲು ಮುಗಿದಾಗಲೂ ಬಗ್ಗಿ ಮಣ್ಣು ಒತ್ತಿ ನೋಡ್ತಿದ್ದರು, ನಮ್ಮ ಕೈಗೂ ಒಂದು ಹಿಡಿ ಕೊಡ್ತಿದ್ದರು.