ಸಾಬೂದಾಣಿಯ ನಂಟು

ಮಹಾಶಿವರಾತ್ರಿಯ ಉಪವಾಸಕ್ಕೆ ಇಳಕಲ್, ಹುನಗುಂದದ ಕಡೆಯ ಮನೆಗಳಲ್ಲಿ ಸಾಬೂದಾಣಿ ನೆನೆಯಿಡುವುದು ರೂಢಿ. ಅದು ಮರಗೆಣಸಿನ ಪಿಷ್ಟ. 1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿದ 'ಬಬಲ್ ಟೀ'ಯ ಕರಿಮುತ್ತುಗಳೂ ಅದರವೇ. ಮಕ್ಕಳು ಆ ಪೇಯವನ್ನು ಬೇಡಿದಾಗ ನಮ್ಮ ಮನೆಯ ಹಿರಿಯರು, ಶಾಕಾಹಾರವೋ ಅಲ್ಲವೋ ಎಂದು ಶಂಕಿಸಿದರು. ಶಂಕೆ ಪೂರ್ತಿ ಹುಸಿಯಲ್ಲ. ಅಂಗಡಿಯ ಕೆಲವು ಜೆಲ್ಲಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುವುದುಂಟು. ಆದಕಾರಣ ಮನೆಯಲ್ಲಿಯೇ ಸಿದ್ಧಪಡಿಸಿದೆವು. ಪಿಷ್ಟಕ್ಕೆ ಕುದಿಯುವ ಬೆಲ್ಲದ ನೀರನ್ನೇ ಹೊಯ್ದು ನಾದಬೇಕು. ತಣ್ಣೀರಿಗೆ ಅದು ಹದವಾಗದು. ಕಡಲೆಗಾತ್ರದ ಗುಂಡುಗಳನ್ನು ಅರ್ಧ ತಾಸು ಬೇಯಿಸಿ ಬೆಲ್ಲದ ಪಾಕದಲ್ಲಿ ನೆನೆಯಿಟ್ಟೆವು. ಬೆಲ್ಲದೊಡನೆ ಕುದಿದರೆ ಹಾಲು ಒಡೆಯುವುದುಂಟು. ಆದ್ದರಿಂದ ಆರಿದ ಚಹಾಕ್ಕೆ ತಣ್ಣನೆಯ ಹಾಲು. ಅತ್ತೆಯವರು ಎರಡು ಲೋಟ ಕುಡಿದರು. ಉಪವಾಸದ ದಿನ ಸಲ್ಲುವುದೇ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.