ಸ್ಟೆಪ್ನಿಯ ವಯಸ್ಸು

2024ರ ಅಕ್ಟೋಬರ್ ತಿಂಗಳ ಒಂದು ರಾತ್ರಿ, ಊಟ ಮುಗಿಸಿ ಜಪಮಾಲೆಯನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಕೆನಡಾ ದೇಶದ ಕ್ಯಾಲ್ಗರಿಯಿಂದ ನನ್ನ ಅಕ್ಕನ ಮಗನ ಫೋನು ಬಂದಿತು. ಅವನು ನನಗೆ ಫೋನು ಮಾಡುವುದು ಕ್ರಿಸ್ಮಸ್ ಮತ್ತು ಈಸ್ಟರ್ ಹಬ್ಬಗಳಿಗೆ ಮಾತ್ರ. ಆದ್ದರಿಂದ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಎದೆ ಹಾರಿತು.

“ಮಾಮಾ, ಎಲ್ಲಾರೂ ಆರಾಮ ಅದಾರ. ನಗಬ್ಯಾಡ್ರಿ, ಗಾಡಿ ಟಾಯರ್ ಬಗ್ಗೆ ಕೇಳಬೇಕಿತ್ತು. ಅವ್ವ ಹೇಳಿದ್ಲು, ನಿಮ್ಮ ಮಾಮಾ ಇಪ್ಪತ್ತೈದು ವರ್ಷ ಜೀಪ್ ಹೊಡದಾರ, ಅವರನ್ನ ಕೇಳು ಅಂತ.”

ಹಿಮವನ್ನು ಚಿತ್ರಗಳಲ್ಲಿ ಮಾತ್ರ ಕಂಡಿರುವ ನನಗೆ ಹಿಮದ ಮೇಲೆ ಓಡುವ ಟೈರಿನ ಪ್ರಶ್ನೆ! ನಮ್ಮ ಹಾವೇರಿ ಸೀಮೆಯ ಚಳಿಯಾದರೂ ಎಂತಹುದು? ಬ್ಯಾಡಗಿಯ ಮೆಣಸಿನಕಾಯಿ ಕೆಂಪಾಗಿ ಕಣಕ್ಕೆ ಬರುವ ಕಾಲದ, ಒಂದು ಕಂಬಳಿಗೆ ಮಣಿಯುವ ಚಳಿ. ಆದರೂ ಕೇಳುವವನು ಅಳಿಯ, ಕೇಳಿಸಿದವಳು ಅಕ್ಕ. ಜಪಮಾಲೆಯನ್ನು ಮೇಜಿನ ಮೇಲಿಟ್ಟು ಕುಳಿತೆನು.

ವಿಷಯ ಇಷ್ಟು. ಆ ಬೇಸಿಗೆಯಲ್ಲಿ ಅವನು ಒಂದು ದೊಡ್ಡ ಗಾಡಿಯನ್ನು ಕೊಂಡಿದ್ದನು. ಮೈ ಜೀಪಿನದು, ಓಟ ಪಂದ್ಯದ ಕಾರಿನದು. ಅದಕ್ಕೆ ಇಪ್ಪತ್ತೊಂದು ಇಂಚಿನ ಮಿರುಗುವ ಚಕ್ರಗಳು. ಅವುಗಳ ಸುತ್ತ ಬಳೆಯಂತೆ ತೆಳ್ಳನೆಯ, ಅಗಲವಾದ ಬೇಸಿಗೆಯ ಟೈರುಗಳು. ಚಳಿಗಾಲಕ್ಕೆ ಇವು ಸಲ್ಲವು, ಚಿಕ್ಕ ಚಕ್ರಗಳ ಇನ್ನೊಂದು ಜೊತೆಯನ್ನೇ ಕೊಳ್ಳಬೇಕು ಎಂದು ಅಲ್ಲಿಯ ಅಂಗಡಿಯವರು ಹೇಳಿದ್ದರು. ಖರ್ಚು ದೊಡ್ಡದು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಾದರೆ 2008ರಿಂದಲೂ ಚಳಿಗಾಲದ ಟೈರು ಕಡ್ಡಾಯ; ಈಗ ಡಿಸೆಂಬರ್ 1ರಿಂದ ಮಾರ್ಚ್ 15ರ ವರೆಗೆ ಅದಿಲ್ಲದೆ ಗಾಡಿ ಹೊರಡಿಸುವಂತಿಲ್ಲ. ಅಳಿಯನಿರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಅಂತಹ ಕಾನೂನಿಲ್ಲ. ನಿರ್ಧಾರವನ್ನು ಅವನೇ ಮಾಡಬೇಕು. ಮನೆಯಲ್ಲಿ ಹೆಂಡತಿ ಮತ್ತು ಆರು ತಿಂಗಳ ಕೂಸು.

“ಈ ಗಾಡೀದು ನಾಲ್ಕೂ ಗಾಲಿ ಎಳೀತಾವ ಮಾಮಾ. ಟಾಯರ್ ಇನ್ನೂ ಹೊಸಾವು, ಹಲ್ಲು ಸವದಿಲ್ಲ. ಮತ್ತ್ಯಾಕ ಬೇಕು ಇನ್ನೊಂದ್ ಜೋಡಿ?”

ಅಂಗಡಿಯವರು ಏನೆಂದು ವಿವರಿಸಿದರೆಂದು ಕೇಳಿದೆನು. ಅವನು ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ. ಉಷ್ಣಾಂಶ ಸುಮಾರು ಏಳು ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆಯ ಟೈರಿನ ರಬ್ಬರು ಬಿಗಿದು ಗಡುಸಾಗುತ್ತದೆ, ರಸ್ತೆಯನ್ನು ಹಿಡಿಯುವುದಿಲ್ಲ. ಕ್ಯಾಲ್ಗರಿಯಲ್ಲಿಯೋ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುವ ದಿನಗಳಿವೆ. ಚಳಿಗಾಲದ ಟೈರಿನ ರಬ್ಬರು ಆ ಥಂಡಿಯಲ್ಲಿಯೂ ಮೆತ್ತಗಿರುವಂತೆ ಬೆರೆಸಿದ ರಬ್ಬರು. ಅದರ ಮೈಮೇಲೆ ಕೂದಲೆಳೆಯಂತಹ ಸಾವಿರಾರು ಸೀಳುಗಳಿರುತ್ತವೆ. ಹಿಮದ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿನ ಬದಿಯಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೊಂದು ಹಿಮದ ಹರಳು ಅಚ್ಚಾಗಿರುತ್ತದೆ. ಚಿಕ್ಕ ಚಕ್ರ ಏಕೆಂದರೆ, ಗಾಲಿಯ ಒಟ್ಟು ಎತ್ತರ ಅಷ್ಟೇ ಇದ್ದು ಲೋಹ ಕಡಿಮೆಯಾಗಿ ರಬ್ಬರಿನ ಬದಿಗೋಡೆ ಹೆಚ್ಚುತ್ತದೆ; ಹಿಮದಡಿಯ ಗುಂಡಿಗೆ ಬಿದ್ದರೆ ಚಕ್ರ ಸೊಟ್ಟಗಾಗುವುದಿಲ್ಲ. ಟೈರು ತುಸು ಕಿರಿದಾದಷ್ಟೂ ಮೆದು ಹಿಮವನ್ನು ಕೊಯ್ದು ಕೆಳಗಿನ ನೆಲಕ್ಕೆ ತಾಗುತ್ತದೆ, ಅಗಲವಾದದ್ದು ಮೇಲೆಯೇ ತೇಲುತ್ತದೆ. ಆದರೆ ಮನಬಂದಷ್ಟು ಚಿಕ್ಕದನ್ನು ಹಾಕುವಂತಿಲ್ಲ. ಇಂತಹ ಗಾಡಿಯ ಬ್ರೇಕು ದೊಡ್ಡದಾದ್ದರಿಂದ ಅದು ಚಕ್ರದೊಳಗೆ ಕೂರಬೇಕು. ಅವನ ಗಾಡಿಗೆ ಹತ್ತೊಂಬತ್ತು ಇಂಚು ಕಡೆಯ ಮಿತಿಯಂತೆ.

ಇದನ್ನೆಲ್ಲ ಕೇಳುತ್ತಿದ್ದಂತೆ ನನ್ನ ಬಾಲ್ಯದ ಊರು ನೆನಪಿಗೆ ಬಂದಿತು. ಬ್ಯಾಡಗಿಯ ಸಮೀಪದ ಆ ಹಳ್ಳಿಯಲ್ಲಿ ಚಕ್ಕಡಿಯ ಗಾಲಿಗೆ ಹಳಿ ಕಟ್ಟುವುದನ್ನು ನೋಡಲು ನಾವು ಹುಡುಗರು ಶಾಲೆಯನ್ನೇ ತಪ್ಪಿಸುತ್ತಿದ್ದೆವು. ಬಡಿಗರು ಗಾಲಿಯನ್ನು ಕೂಡಿಸಿಡುವರು. ಕಮ್ಮಾರರು ಗಾಲಿಗಿಂತ ತುಸುವೇ ಕಿರಿದಾದ ಕಬ್ಬಿಣದ ಬಳೆಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಇಕ್ಕಳದಿಂದೆತ್ತಿ ಗಾಲಿಯ ಮೇಲೆ ಕೂರಿಸುವರು. ಕಟ್ಟಿಗೆ ಹತ್ತಿ ಉರಿಯುವ ಮೊದಲೇ ಕೊಡಗಟ್ಟಲೆ ನೀರು ಸುರಿದರೆ ಬಳೆ ಕುಗ್ಗಿ ಗಾಲಿಯನ್ನು ಕಚ್ಚಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಸಡಿಲವಾಗುವುದು. ಆಗ ಗಾಲಿಗಳನ್ನು ಬಿಚ್ಚಿ ಹಳ್ಳದ ನೀರಿನಲ್ಲಿ ನೆನೆಹಾಕುವರು. ಋತು ಬದಲಾದರೆ ಗಾಲಿಯ ಕಡೆಗೆ ನೋಡಬೇಕೆಂಬುದು ನಮ್ಮ ಹಿರಿಯರಿಗೆ ಹೊಸ ಮಾತೇನಲ್ಲ. ಆ ಹಿರಿಯರ ಮೊಮ್ಮಗನಾದ ನಾನು ಅದನ್ನು ಮರೆತಿದ್ದೆನು. ಎಷ್ಟು ಮರೆತಿದ್ದೆನೆಂಬುದನ್ನೇ ಆ ರಾತ್ರಿ ಅಳಿಯನಿಗೆ ಹೇಳಬೇಕಾಯಿತು.

2022ರ ಫೆಬ್ರವರಿಯಲ್ಲಿ ನಮ್ಮ ಜೀಪಿನ ಹಿಂಬದಿಯ ಎಡಗಾಲಿಯ ಬದಿಗೋಡೆ ಕಲ್ಲಿಗೆ ತಾಗಿ ಸೀಳಿತು. ರಾಣೆಬೆನ್ನೂರಿನ ಒಂದು ಸಣ್ಣ ಅಂಗಡಿಯ ಯಜಮಾನರು ಅದನ್ನು ನೋಡಿ, ಬದಿ ಸೀಳಿದ ಟೈರಿಗೆ ತೇಪೆ ನಿಲ್ಲದೆಂದು ಪಕ್ಕಕ್ಕಿಟ್ಟು, ಗಾಡಿಯ ಹೊಟ್ಟೆಯಡಿ ತೂಗುತ್ತಿದ್ದ ಸ್ಟೆಪ್ನಿಯನ್ನು ಇಳಿಸಿದರು. (ಈ ಸ್ಟೆಪ್ನಿ ಎಂಬುದು ಮೂಲತಃ ವೇಲ್ಸ್ ದೇಶದ ಲನೆಲ್ಲಿ ಎಂಬ ಪಟ್ಟಣದ ಒಂದು ಬೀದಿಯ ಹೆಸರು, 1904ರಲ್ಲಿ ಹೆಚ್ಚುವರಿ ಗಾಲಿಯ ಉದ್ಯಮ ಆ ಬೀದಿಯಲ್ಲಿ ಆರಂಭವಾಯಿತು. ಇಂಗ್ಲೆಂಡಿನವರೇ ಮರೆತ ಹೆಸರನ್ನು ನಮ್ಮ ಪಂಕ್ಚರ್ ಅಂಗಡಿಗಳು ಉಳಿಸಿಕೊಂಡಿವೆ.) ಜೀಪು ಕೊಂಡಂದಿನಿಂದ ನೆಲ ಮುಟ್ಟದ ಗಾಲಿ ಅದು. ಹೊಸ ಟೈರಿನ ಮೇಲಿರುವ ರಬ್ಬರಿನ ಎಳೆಗೂದಲು ಸಹ ಉದುರಿರಲಿಲ್ಲ.

ಯಜಮಾನರು ಅದರ ಬದಿಯನ್ನು ಬಟ್ಟೆಯಿಂದ ಒರೆಸಿ ನನ್ನನ್ನು ಬಗ್ಗಿ ನೋಡಲು ಹೇಳಿದರು. 235/75 ಆರ್ 15 ಎಂದಿತ್ತು. ಅಗಲ 235 ಮಿಲಿಮೀಟರು, ಬದಿಗೋಡೆಯ ಎತ್ತರ ಆ ಅಗಲದ ನೂರಕ್ಕೆ ಎಪ್ಪತ್ತೈದು ಪಾಲು, ಒಳಚಕ್ರ ಹದಿನೈದು ಇಂಚು. ಇಷ್ಟು ನನಗೆ ಗೊತ್ತಿತ್ತು. ಅವರು ತೋರಿಸಿದ್ದು ಬೇರೆ. ಒಂದು ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳು: 1913.

“ಹತ್ತೊಂಬತ್ತನೇ ವಾರ, ಎರಡ್ ಸಾವಿರದ ಹದಿಮೂರು. ಒಂಬತ್ತು ವರ್ಷಕ್ಕ ಬಂತ್ರಿ ಫಾದರ್. ಹೊಸಾದೊಂದು ಹಾಕ್ಸಿಬಿಡ್ರಿ.”

“ಕೂದಲೂ ಉದುರಿಲ್ಲವಲ್ಲಪ್ಪಾ! ಒಂದು ದಿನವೂ ಓಡಿಲ್ಲ” ಎಂದೆನು.

“ಓಡಿದ್ದಕ್ಕಷ್ಟ ವಯಸ್ಸಾಗೂದಿಲ್ರಿ. ಕುಂತದ್ದಕ್ಕೂ ಆಗತೈತಿ.”

ಅವರ ಮಾತು ನಿಜವೆಂದು ಆಮೇಲೆ ಓದಿ ತಿಳಿದೆನು. ರಬ್ಬರನ್ನು ಬಿಸಿಲು, ಕಾವು, ಗಾಳಿಯ ಆಮ್ಲಜನಕ ಮೆಲ್ಲಗೆ ತಿನ್ನುತ್ತವೆ. ಅದನ್ನು ಕಾಯಲೆಂದು ರಬ್ಬರಿನಲ್ಲಿ ಮೇಣದಂತಹ ವಸ್ತುಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿ ನೆಟ್ಟಗಾದಾಗ ಅವು ಮೇಲ್ಮೈಗೆ ಚೆನ್ನಾಗಿ ಜಿನುಗುತ್ತವೆ. ಸುಮ್ಮನೆ ತೂಗುವ ಟೈರಿಗೆ ಆ ಲಾಭವಿಲ್ಲ. ಐದು ವರ್ಷ ದಾಟಿದ ಮೇಲೆ ಪ್ರತಿವರ್ಷವೂ ತಪಾಸಣೆ ಮಾಡಿಸಬೇಕು, ಹತ್ತು ವರ್ಷಕ್ಕೆ ಸ್ಟೆಪ್ನಿಯೂ ಸೇರಿ ಎಲ್ಲವನ್ನೂ ಬದಲಿಸಬೇಕೆಂದು ಹಲವು ತಯಾರಕರೇ ಹೇಳುತ್ತಾರೆ. ನಮ್ಮದು ಹತ್ತು ವರ್ಷವನ್ನೂ ಮುಟ್ಟಲಿಲ್ಲ. ಹೊಸ ಟೈರಿನ ಬೆಲೆ ಕೇಳಿದೆನು. ದೇವಾಲಯದ ಮಾಡಿನ ದುರಸ್ತಿಯ ಲೆಕ್ಕ ತಲೆಯಲ್ಲಿತ್ತು. ಕಾಣಿಕೆಯ ಹಣವನ್ನು ಹೊಸದರಂತಿರುವ ಟೈರಿಗೆ ಬದಲಾಗಿ ಇನ್ನೊಂದು ಹೊಸ ಟೈರು ಕೊಳ್ಳಲು ಸುರಿಯಬೇಕೇ ಎನಿಸಿತು. ಅದನ್ನೇ ಹಾಕಿಸಿಕೊಂಡು ಬಂದೆನು. ಉಳಿತಾಯ ಮಾಡಿದೆನೆಂದು ಅಂದು ನನಗೆ ಸಂತೋಷವೂ ಆಗಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ನಮ್ಮ ಧರ್ಮಕೇಂದ್ರದ ಒಬ್ಬ ವೃದ್ಧೆಯನ್ನು ಕಣ್ಣಿನ ತಪಾಸಣೆಗೆಂದು ಹಾವೇರಿಗೆ ಕರೆದೊಯ್ಯುತ್ತಿದ್ದೆನು. ಜೊತೆಯಲ್ಲಿ ಆಕೆಯ ಮಗಳು, ಆರನೆಯ ತರಗತಿ ಮುಗಿಸಿದ್ದ ಮೊಮ್ಮಗ. ಮೋಟೆಬೆನ್ನೂರು ದಾಟಿದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಮದ್ದು ಹಾರಿಸಿದಂತಹ ಸದ್ದು. ಚುಕ್ಕಾಣಿ ನನ್ನ ಕೈಯಲ್ಲಿದ್ದೂ ಇಲ್ಲದಂತಾಯಿತು. ಗಾಡಿಯ ಹಿಂಭಾಗ ತಾನೇ ಮುಂದಾಗಲು ಹೊರಟಿತು. ರಸ್ತೆಯ ಅಂಚಿನ ಕಬ್ಬಿಣದ ತಡೆಗೆ ಉಜ್ಜುತ್ತ ಉಜ್ಜುತ್ತ ನಿಂತಾಗ, ನಮ್ಮ ಹಿಂದೆ ಬರುತ್ತಿದ್ದ ಮೆಣಸಿನಕಾಯಿ ಲಾರಿ ನಾಲ್ಕು ಮಾರು ದೂರದಲ್ಲಿ ಕಿರುಚಿ ನಿಂತಿತು. ಹುಡುಗನ ಮುಂಗೈ ಮೂಳೆ ಮುರಿದಿತ್ತು. ಉಳಿದವರಿಗೆ ತರಚಿದ ಗಾಯಗಳು. ಸ್ಟೆಪ್ನಿಯ ಮೈಯಿಂದ ಪಟ್ಟಿಪಟ್ಟಿಯಾಗಿ ಸುಲಿದ ರಬ್ಬರು ರಸ್ತೆಯುದ್ದಕ್ಕೂ ಬಿದ್ದಿತ್ತು. ಅದರ ಮೇಲೆ ಎಳೆಗೂದಲು ಇನ್ನೂ ಅಲ್ಲಲ್ಲಿ ಉಳಿದಿತ್ತು.

“ದೇವರು ಉಳಿಸಿದ, ಫಾದರ್” ಎಂದು ಆ ತಾಯಿ ಅತ್ತಳು. ಹೌದೆಂದು ತಲೆಯಾಡಿಸಿದೆನು. ಮುಂದಿನ ಭಾನುವಾರ ಪೂಜೆಯಲ್ಲಿ ಕೃತಜ್ಞತೆಯ ಪ್ರಾರ್ಥನೆಯನ್ನೂ ಮಾಡಿಸಿದೆವು. ಟೈರಿನ ವಯಸ್ಸನ್ನು ಒಬ್ಬರು ನನಗೆ ಬೆರಳಿಟ್ಟು ತೋರಿಸಿದ್ದರೆಂದು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಜೂನ್ ತಿಂಗಳ ಮಳೆಗೆ ಮುನ್ನ ಐದೂ ಟೈರುಗಳನ್ನು ಬದಲಿಸಲು ಅದೇ ಅಂಗಡಿಗೆ ಹೋದೆನು. ಯಜಮಾನರು ಹಳೆಯದನ್ನು ಎತ್ತಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ನಮ್ಮ ಯುವಕರ ಸಂಘದವರು ಅಗಲವಾದ ಟೈರು, ಹೊಳೆಯುವ ಅಲಾಯ್ ಚಕ್ರ ಹಾಕಿಸಬೇಕೆಂದು ಹಟ ಹಿಡಿದಿದ್ದರು. ಹಾಕಿಸಿದ್ದರೆ ತಿರುವಿನಲ್ಲಿ ಮಡ್ಗಾರ್ಡಿಗೆ ಉಜ್ಜುತ್ತಿತ್ತು, ಬೇರಿಂಗಿಗೂ ಭಾರ. ನನ್ನ ಆಸೆ ಬೇರೆ: ದಪ್ಪ ಹಲ್ಲುಗಳ ಕೆಸರಿನ ಟೈರು. ಗುತ್ತಲದ ಕಡೆಯ ಎರೆಮಣ್ಣಿನ ದಾರಿಗಳಲ್ಲಿ ಮಳೆಗಾಲಕ್ಕೆ ಸಿಕ್ಕಿಕೊಂಡವರಿಗೆ ಅದರ ಬೆಲೆ ಗೊತ್ತು. ಎರೆಮಣ್ಣು ನೀರು ಕುಡಿದು ಉಬ್ಬಿ, ಟೈರಿನ ಸಂದುಗಳಲ್ಲಿ ಮೆತ್ತಿಕೊಂಡು, ಗಾಲಿಯನ್ನು ನುಣ್ಣನೆಯ ಗುಂಡಾಗಿ ಮಾಡಿಬಿಡುತ್ತದೆ. ಅಗಲ ಸಂದಿನ ಟೈರಾದರೆ ಅದನ್ನು ಕೊಡವಿಕೊಳ್ಳುತ್ತದೆ. (ಹಿಮದ್ದು ಇದಕ್ಕೆ ವಿರುದ್ಧ ಗುಣವಂತೆ. ಸಂದಿನಲ್ಲಿ ತುಂಬಿದ ಹಿಮವೇ ರಸ್ತೆಯ ಹಿಮವನ್ನು ಹಿಡಿಯುತ್ತದೆಂದು ಅಳಿಯ ಹೇಳಿದನು.)

“ವರ್ಷಕ್ಕ ಎಷ್ಟ್ ದಿನ ಕೆಸರಾಗ ಹೊಡೀತೀರಿ ಫಾದರ್?” ಎಂದರು ಯಜಮಾನರು.

ಎಣಿಸಿದರೆ ಇಪ್ಪತ್ತು ದಿನ ದಾಟಲಿಲ್ಲ. ಉಳಿದದ್ದೆಲ್ಲ ಡಾಂಬರು, ಅದರಲ್ಲಿಯೂ ಹೆಚ್ಚಿನದು ಹೆದ್ದಾರಿ. ದಪ್ಪ ಹಲ್ಲಿನ ಟೈರು ನೆನೆದ ಡಾಂಬರಿನ ಮೇಲೆ ಬೇಗ ನಿಲ್ಲುವುದಿಲ್ಲ, ಸದ್ದೂ ಬಹಳ. ಕೆಸರಿನಲ್ಲಿ ಹೂತರೆ ಯಾರಾದರೂ ಟ್ರ್ಯಾಕ್ಟರ್ ತಂದು ಎಳೆಯುತ್ತಾರೆ, ನಾಲ್ಕು ಜನ ನಗುತ್ತಾರೆ, ಅಷ್ಟೇ. ಗಾಡಿ ತಯಾರಕರು ಹೇಳಿದ ಅಳತೆಯ, ರಸ್ತೆಗೆಂದೇ ಮಾಡಿದ ಐದು ಸಾದಾ ಟೈರುಗಳನ್ನು ಹಾಕಿಸಿದೆನು. ಆ ವರ್ಷ ಎರಡು ಸಲ ಹೂತೆನು, ನಕ್ಕರು.

ಇದೆಲ್ಲವನ್ನೂ, ಯಾರಿಗೂ ಹೇಳದಿದ್ದ ಆ ಮಾತನ್ನೂ ಸೇರಿಸಿ, ಅಳಿಯನಿಗೆ ಹೇಳಿದೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ.

“ನಾಲ್ಕು ಗಾಲಿ ಎಳೀತಾವ ಅಂದ್ಯಲ್ಲಪ್ಪಾ,” ಎಂದೆನು, “ಅದು ಹೊರಡೂದಕ್ಕ. ನಿಲ್ಲಬೇಕಾದ್ರ ಎಲ್ಲಾ ಗಾಡಿಗೂ ನಾಲ್ಕ ಗಾಲಿ.”

“ಎರಡ ಗಾಲಿಗೆ ಹಾಕ್ಸಿದ್ರ?”

“ಮುಂದಿನವು ಹಿಡಿದು ಹಿಂದಿನವು ಜಾರಿದರೆ ಏನಾಗುತ್ತದೆಂದು ನಾನು ಮೋಟೆಬೆನ್ನೂರಿನ ಹತ್ತಿರ ನೋಡಿದ್ದೇನೆ” ಎಂದೆನು.

ಎರಡು ವಾರದ ಮೇಲೆ ಒಂದು ಚಿತ್ರ ಕಳುಹಿಸಿದನು. ಹತ್ತೊಂಬತ್ತು ಇಂಚಿನ ನಾಲ್ಕು ಕಪ್ಪು ಚಕ್ರಗಳು, ಬದಿಯಲ್ಲಿ ಬೆಟ್ಟ ಮತ್ತು ಹಿಮದ ಹರಳಿನ ಗುರುತು. ಗಾಡಿ ತುಸು ಬಡವಾಗಿ ಕಾಣುತ್ತದೆಂದು ಬರೆದಿದ್ದನು. ನನಗೇನೂ ಹಾಗೆ ಕಾಣಲಿಲ್ಲ.

ಅಳಿಯನಿಗೆ ಹೇಳಿದ ಮೇಲೆ ಆ ತಾಯಿಗೆ ಹೇಳದೆ ಇರುವುದು ಸಾಧ್ಯವಾಗಲಿಲ್ಲ. ನವೆಂಬರ್ ತಿಂಗಳ ಒಂದು ಸಂಜೆ ಅವರ ಮನೆಗೆ ಹೋದೆನು. ಚಹಾ ಆರುವ ತನಕ ಬೇರೇನೇನೋ ಮಾತನಾಡಿ, ಕಡೆಗೆ ಫೆಬ್ರವರಿಯ ಸಂಗತಿಯನ್ನು ಹೇಳಿದೆನು. ಆಕೆ ಸೆರಗಿನ ಅಂಚನ್ನು ಸರಿಪಡಿಸಿಕೊಂಡಳು.

“ಗೊತ್ತಿತ್ರೀ ಫಾದರ್. ಟಾಯರ್ ಅಂಗಡಿಯವರು ನಮ್ಮ ಓಣ್ಯಾಗ ಇರೋದು. ಅವತ್ತ ಸಂಜೀಕ ಬಂದು ಹೇಳಿದ್ರು.”

ಎರಡೂವರೆ ವರ್ಷ ಆಕೆ ಪ್ರತಿ ಭಾನುವಾರ ನನ್ನ ಮುಂದೆ ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ನಾನು ಕ್ಷಮೆ ಕೇಳಿದೆನು. ಆಕೆ ಏನನ್ನೂ ಹೇಳದೆ ಬಸಿ ಎತ್ತಿಕೊಂಡು ಒಳಗೆ ಹೋದಳು.

ಹೊರಗೆ ಬಂದಾಗ ಅವಳ ಮಗ ಜೀಪಿನ ಹತ್ತಿರ ನಿಂತಿದ್ದನು. ಈಗ ಒಂಬತ್ತನೆಯ ತರಗತಿ, ನನ್ನ ಹೆಗಲಿಗೆ ಬಂದಿದ್ದಾನೆ. ನಮ್ಮ ಮಾತು ಅವನ ಕಿವಿಗೂ ಬಿದ್ದಿರಬೇಕು. ನಾಲ್ಕು ಗಾಲಿಗಳ ಅಂಕಿಗಳನ್ನೂ ಆಗಲೇ ಓದಿ ಮುಗಿಸಿದ್ದನು. ನಾನು ಬಾಗಿಲಿಗೆ ಕೈಯಿಡುವಷ್ಟರಲ್ಲಿ ಮೊಬೈಲಿನ ಬೆಳಕು ಹಿಡಿದು, ಅಂಗಿ ಮಣ್ಣಾಗುವುದನ್ನು ಲೆಕ್ಕಿಸದೆ ಗಾಡಿಯಡಿ ತೂರಿದನು.

“ಒಂದು, ನಾಕು, ಎರಡು, ಎರಡು,” ಎಂದು ಒಳಗಿನಿಂದ ಕೂಗಿದನು. “ಎರಡೂವರಿ ವರ್ಷ. ಇನ್ನೂ ಸಣ್ಣದೈತ್ರಿ ಫಾದರ್.”